ಅಮ್ಮನ ಮಂಡಿ ಹೇಗಿದೆ ಅಂತ ಲೋನ್ ಹುಡುಗ ಕೇಳ್ದಾಗ

ಹೋದ ತಿಂಗಳು ಒಂದು ಸಾಯಂಕಾಲ ಸಿಲ್ಕ್ ಬೋರ್ಡ್ ಹತ್ರ ಬಸ್ಸಲ್ಲಿ ಒಂಟಿ ಕಾಲಲ್ಲಿ ನಿಂತಿದ್ದೆ, ಫೋನ್ ಬಂತು. ಗೊತ್ತಿಲ್ಲದ ನಂಬರ್. "ಮೇಡಂ, ನಿಮ್ಮ ಹೋಮ್ ಲೋನ್‌ಗೆ ಟಾಪ್‌ಅಪ್ ಆಫರ್ ಇದೆ" ಅಂತ ಶುರು ಮಾಡ್ದ. ಬೇಡಪ್ಪ, ಇರೋದನ್ನ ಕಟ್ಟೋದೇ ಸಾಕಾಗಿದೆ ಅಂದೆ. ಸರಿ ಮೇಡಂ ಅಂದ. ಫೋನ್ ಇಡೋ ಮುಂಚೆ, ತುಂಬಾ ಮರ್ಯಾದೆಯಿಂದಾನೇ, "ಅಮ್ಮಂಗೆ ಮಂಡಿ ಆಪರೇಷನ್ ಆಗಿತ್ತಲ್ಲ ಮೇಡಂ, ಈಗ ಓಡಾಡ್ತಾರಾ? ನಮ್ಮಜ್ಜಿಗೂ ಮಾಡಿಸ್ಬೇಕು ಅಂತಿದಾರೆ" ಅಂದ.

ಒಂದು ಕ್ಷಣ ನಾನೂ ಉತ್ತರ ಕೊಡೋಕೆ ಬಾಯಿ ತೆಗೆದೆ ನೋಡಿ, ಹಾಂ ಈಗ ಪರವಾಗಿಲ್ಲ ಅಂತ. ಆಮೇಲೆ ತಲೆಗೆ ಹೋಯ್ತು. ಇವ್ನಿಗೆ ಹೇಗೆ ಗೊತ್ತು? ಕೇಳ್ದೆ. "ಫೋಲ್ಡರಲ್ಲೇ ಇತ್ತಲ್ಲ ಮೇಡಂ, ನೀವು ಕಳ್ಸಿದ್ದ ಲಿಂಕ್" ಅಂದ.

ಹುಡುಗ ಕಳ್ಳನಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬೇಕು ದನಿ ಕೇಳಿದ್ರೆ. ಆ ಲೋನ್ ಏಜೆಂಟ್ ಆಫೀಸಿಗೆ ಹೊಸದಾಗಿ ಸೇರಿದಾನೆ, ಹಳೇ ಕಸ್ಟಮರ್ ಲಿಸ್ಟ್ ಕೊಟ್ಟು ಎಲ್ರಿಗೂ ಫೋನ್ ಮಾಡು ಅಂದಿದಾರೆ, ಲಿಸ್ಟಲ್ಲಿ ಹೆಸರು, ನಂಬರ್, ಸಾಲದ ಮೊತ್ತ, ಕೊನೇ ಕಾಲಮ್ಮಲ್ಲಿ ಡಾಕ್ಯುಮೆಂಟ್ಸ್ ಲಿಂಕ್. ಕ್ಲಿಕ್ ಮಾಡಿದಾನೆ, ಓಪನ್ ಆಗಿದೆ. ಅಷ್ಟೇ. ಬೀಗ ಯಾರೂ ಒಡೆದಿಲ್ಲ, ಬಾಗಿಲು ತೆರೆದಿಟ್ಟು ಬಂದಿದ್ದು ನಾನೇ.

ಏನಾಗಿತ್ತು ಅಂದ್ರೆ, 2022ರಲ್ಲಿ ಮನೆ ತಗೊಳೋವಾಗ ಆ ಏಜೆಂಟ್ ದಿನಾ ಒಂದೊಂದು ಪೇಪರ್ ಕೇಳ್ತಿದ್ರು. ಸೇಲ್ ಅಗ್ರಿಮೆಂಟ್, ಇಸಿ, ಖಾತಾ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮೂರು ತಿಂಗಳ ಸ್ಯಾಲರಿ ಸ್ಲಿಪ್, ಅಪ್ಪ ಕೋ-ಅಪ್ಲಿಕೆಂಟ್ ಆಗಿದ್ರಿಂದ ಅವ್ರ ಪೆನ್ಷನ್ ಪೇಪರ್ರೂ. ವಾಟ್ಸಾಪಲ್ಲಿ ಕಳ್ಸಿ ಕಳ್ಸಿ ಸಾಕಾಗಿ ಗೂಗಲ್ ಡ್ರೈವಲ್ಲಿ "ಮನೆ ಪೇಪರ್ಸ್" ಅಂತ ಒಂದು ಫೋಲ್ಡರ್ ಮಾಡ್ದೆ. ಅವರ ಆಫೀಸ್ ಇಮೇಲ್ ಹಾಕಿ ಶೇರ್ ಮಾಡಿದ್ರೆ "ಆಕ್ಸೆಸ್ ಕೇಳ್ತಿದೆ ಮೇಡಂ" ಅಂತ ಫೋನ್, ಆಫೀಸಲ್ಲಿ ನಾಲ್ಕು ಜನ ನಾಲ್ಕು ಇಮೇಲಲ್ಲಿ ಇರ್ತಾರೆ. ಕೊನೆಗೆ ರೇಗಿ ಎನಿವನ್ ವಿತ್ ದಿ ಲಿಂಕ್ ಅಂತ ಇಟ್ಟು ಲಿಂಕ್ ಬಿಸಾಕ್ದೆ. ಲೋನ್ ಆಯ್ತು, ಗೃಹಪ್ರವೇಶ ಆಯ್ತು, ಲಿಂಕ್ ಮರೆತೇ ಹೋಯ್ತು.

ಆದ್ರೆ ಫೋಲ್ಡರ್ ಮರೀಲಿಲ್ಲ, ಅಲ್ಲೇ ಎಡವಟ್ಟಾಗಿದ್ದು. "ಮನೆ ಪೇಪರ್ಸ್" ಅನ್ನೋ ಹೆಸರು ಎಷ್ಟು ಒಳ್ಳೇದು ನೋಡಿ, ಮನೇಗೆ ಸಂಬಂಧಪಟ್ಟಿದ್ದೆಲ್ಲ ಅದಕ್ಕೇ ಹಾಕ್ಬೋದು. ಅಮ್ಮನ ಎಕ್ಸ್‌ರೇ, ಡಿಸ್ಚಾರ್ಜ್ ಸಮ್ಮರಿ, ಅಪ್ಪನ ಹೆಲ್ತ್ ಇನ್ಶೂರೆನ್ಸ್, ತಮ್ಮನ ಪಾಸ್‌ಪೋರ್ಟ್ ಸ್ಕ್ಯಾನ್, ಊರಲ್ಲಿರೋ ಎರಡೆಕರೆ ಪಹಣಿ. ಮೂರು ವರ್ಷ ಒಂದೊಂದಾಗಿ ಹಾಕ್ತಾ ಹೋಗಿದೀನಿ. ಡ್ರೈವಲ್ಲಿ ಫೋಲ್ಡರ್ ಒಂದ್ಸಲ ತೆರೆದಿಟ್ರೆ ಆಮೇಲೆ ಅದ್ರೊಳಗೆ ಹಾಕಿದ್ದೆಲ್ಲಕ್ಕೂ, ಒಳಗಿನ ಫೋಲ್ಡರ್‌ಗೂ, ಅದೇ ಪರ್ಮಿಷನ್ ಇಳ್ಕೊಂಡು ಬರತ್ತೆ. ಹೊಸ ಫೈಲ್ ಹಾಕಿದಾಗ "ಇದು ಯಾರ್ ಬೇಕಾದ್ರೂ ನೋಡ್ಬೋದು, ಸರೀನಾ" ಅಂತ ಯಾರೂ ಕೇಳಲ್ಲ. ಹೆಸರಿನ ಪಕ್ಕ ಇಬ್ಬರು ಮನುಷ್ಯರ ತಲೆ ಇರೋ ಒಂದು ಪುಟಾಣಿ ಗುರುತು ಇರತ್ತೆ ಅಷ್ಟೇ. ಮೂರು ವರ್ಷದಿಂದ ಆ ಗುರುತು ನನ್ ಕಣ್ಣ ಮುಂದೆ ಇತ್ತು.

ಬಸ್ ಇಳಿದು ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಲ್ಯಾಪ್‌ಟಾಪ್ ತೆಗೆದೆ. ಇನ್‌ಕಾಗ್ನಿಟೋ ವಿಂಡೋ ಓಪನ್ ಮಾಡಿ, ಯಾವ ಅಕೌಂಟಲ್ಲೂ ಲಾಗಿನ್ ಆಗದೆ, ವಾಟ್ಸಾಪಲ್ಲಿ ಹಳೇ ಲಿಂಕ್ ಹುಡುಕಿ ಪೇಸ್ಟ್ ಮಾಡ್ದೆ. ಇದನ್ನ ನೀವೂ ಮಾಡಿ ನೋಡಿ, ಈಗ್ಲೇ, ಇದನ್ನ ಓದೋದು ನಿಲ್ಸಿದ್ರೂ ಪರವಾಗಿಲ್ಲ. ಒಟ್ಟು 140 ಚಿಲ್ರೆ ಫೈಲ್ ಸಾಲಾಗಿ ಬಂದು ಕೂತ್ವು. ಅದ್ರಲ್ಲಿ ಒಂದು "ಪಾಸ್‌ವರ್ಡ್ಸ್ ಅಪ್ಪ" ಅನ್ನೋ ಶೀಟ್. ಅದನ್ನ ನೋಡಿ ಹೊಟ್ಟೆ ತಣ್ಣಗಾಗೋಯ್ತು.

ಲಿಂಕನ್ನ ಊಹೆ ಮಾಡಿ ಯಾರೂ ಬರೋಕಾಗಲ್ಲ, ಅದು ಉದ್ದಕ್ಕೆ ಅರ್ಥ ಇಲ್ಲದ ಅಕ್ಷರಗಳ ಸಾಲು, ಅದು ನಿಜ. ಆದ್ರೆ ಊಹೆ ಮಾಡೋ ಅವಶ್ಯಕತೆ ಯಾರಿಗಿದೆ, ಫಾರ್ವರ್ಡ್ ಮಾಡಿದ್ರೆ ಸಾಕಲ್ಲ. ನನ್ನ ಲಿಂಕ್ ಏಜೆಂಟಿಂದ ಬ್ಯಾಂಕಿನವರಿಗೆ, ಅಲ್ಲಿಂದ ಲೀಗಲ್ ಒಪೀನಿಯನ್ ಕೊಡೋ ಲಾಯರ್‌ಗೆ, ವ್ಯಾಲ್ಯುಯೇಷನ್‌ಗೆ ಬಂದಿದ್ದ ಇಂಜಿನಿಯರ್‌ಗೆ ಹೋಗಿರತ್ತೆ, ಈಗ ಈ ಹುಡುಗನ ಎಕ್ಸೆಲ್ ಶೀಟಲ್ಲಿದೆ. ಯಾರ್ಯಾರು ನೋಡಿದ್ರು ಅನ್ನೋ ಲೆಕ್ಕ ನಮ್ಮಂಥ ಸಾಮಾನ್ಯ ಫ್ರೀ ಅಕೌಂಟಿಗೆ ತೋರ್ಸಲ್ಲ. ನೆನಪಾಯ್ತು, ಒಂದ್ಸಲ ಆ ಪಾಸ್‌ವರ್ಡ್ ಶೀಟ್ ಓಪನ್ ಮಾಡಿದಾಗ ಮೇಲೆ ಮೂಲೇಲಿ ಯಾವುದೋ ಪ್ರಾಣಿ ಚಿತ್ರ ಬಂದಿತ್ತು. ಲಾಗಿನ್ ಇಲ್ಲದೆ ಲಿಂಕಿಂದ ಬಂದವರನ್ನ ಗೂಗಲ್ ಹಾಗೆ ಅನಾನಿಮಸ್ ಪ್ರಾಣಿ ಮಾಡಿ ತೋರ್ಸತ್ತೆ. ನಾನು ಅವತ್ತು ಕ್ಯೂಟ್ ಆಗಿದೆ ಅಂದ್ಕೊಂಡು ಮುಚ್ಚಿದ್ದೆ. ದಡ್ಡಿ.

ರೆಸ್ಟ್ರಿಕ್ಟೆಡ್ ಅಂತ, ಅಂದ್ರೆ ನಾವು ಸೇರ್ಸಿದವ್ರಿಗೆ ಮಾತ್ರ ಓಪನ್ ಆಗೋ ಹಾಗೆ, ಬದಲಾಯ್ಸೋಕೆ ಹತ್ತು ಸೆಕೆಂಡ್. ಆದ್ರೆ ಅಷ್ಟರೊಳಗೆ ಯಾರಾದ್ರೂ ಡೌನ್‌ಲೋಡ್ ಮಾಡ್ಕೊಂಡಿದ್ರೆ ಅದು ಅವ್ರ ಹತ್ರಾನೇ ಇರತ್ತೆ, ಚೆಲ್ಲಿದ ಹಾಲು. ಏಜೆಂಟ್ ಆಫೀಸಿಗೆ ಎಲ್ಲ ಕಾಪಿ ಅಳಿಸಿ ಅಂತ ಮೇಲ್ ಹಾಕ್ದೆ. 2023ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾನೂನಲ್ಲಿ ಹೀಗೆ ಅಳಿಸಿ ಅಂತ ಕೇಳೋ ಹಕ್ಕು ಬರ್ದಿದೆ ಅಂತ ಒಂದು ಸಾಲನ್ನೂ ಸೇರ್ಸಿದೆ, ಜೋರಾಗಿರ್ಲಿ ಅಂತ. "ಡಿಲೀಟೆಡ್ ಮೇಡಂ" ಅಂತ ಒಂದೇ ಸಾಲು ಉತ್ತರ ಬಂತು. ನಂಬ್ಬೇಕು, ಇನ್ನೇನು ಮಾಡೋದು.

ಆಮೇಲೆ ಒಂದು ವಾರ ನಾನು ಮಾಡಿದ್ದೇ ಇದು. ಆಫೀಸಿಂದ ಬರೋದು, ಮನೆಯವ್ರೆಲ್ಲರ ಕ್ಲೌಡ್, ಅಂದ್ರೆ ಡ್ರೈವ್ ಥರ ಕಂಪನಿಯವ್ರ ಕಂಪ್ಯೂಟರಲ್ಲಿ ನಾವು ಇಟ್ಟಿರೋದನ್ನೆಲ್ಲ, ಜಾಲಾಡೋದು.

ನಮ್ಮನೇಲಿ ಎಲ್ರೂ ಹೇಳೋ ಮಾತು ಒಂದೇ, "ಅದೆಲ್ಲ ಎನ್‌ಕ್ರಿಪ್ಟ್ ಆಗಿರತ್ತೆ ಕಣೇ, ಅಷ್ಟು ದೊಡ್ಡ ಕಂಪನಿ". ಎನ್‌ಕ್ರಿಪ್ಟ್ ಅಂದ್ರೆ ಕೀ ಇಲ್ದೋರಿಗೆ ಓದೋಕಾಗ್ದ ಹಾಗೆ ಫೈಲಿಗೆ ಬೀಗ ಹಾಕೋದು. ಆಗಿರತ್ತೆ, ಸುಳ್ಳಲ್ಲ. ಆದ್ರೆ ಕೀ ಯಾರ ಹತ್ರ? ನಾನು ಮೊದಲು ಬೆಂಗಳೂರಿಗೆ ಬಂದಾಗ ಬಿಟಿಎಂ ಲೇಔಟಲ್ಲಿ ಒಂದು ಪಿಜಿಯಲ್ಲಿದ್ದೆ, ನನ್ನ ಬೀರುಗೆ ಬೀಗ ಇತ್ತು, ಆ ಬೀಗದ ಇನ್ನೊಂದು ಕೀ ಪಿಜಿ ಆಂಟಿ ಸೊಂಟದಲ್ಲಿತ್ತು. ಆಂಟಿ ಒಳ್ಳೆಯವ್ರು, ಯಾವತ್ತೂ ತೆಗೀಲಿಲ್ಲ ಅಂತ್ಲೇ ನಂಬಿದೀನಿ, ಆದ್ರೆ ಪೊಲೀಸರು ಬಂದು ಕೇಳಿದ್ರೆ ತೆಗೀತಿದ್ರು, ಕೆಲಸದವಳಿಗೆ ಕೀ ಸಿಕ್ಕಿದ್ರೆ ಅವಳೂ ತೆಗೀಬೋದಿತ್ತು. ಡ್ರೈವ್, ಡ್ರಾಪ್‌ಬಾಕ್ಸ್, ಒನ್‌ಡ್ರೈವ್ ಎಲ್ಲದ್ರಲ್ಲೂ ಮಾಮೂಲಿ ಅಕೌಂಟಿನ ಕತೆ ಅದೇ, ಬೀಗ ಗಟ್ಟಿ, ಕೀ ಅವರದ್ದು. ಬ್ಯಾಂಕ್ ಲಾಕರ್ ಥರ ನಮ್ಮ ಕೀ ಇಲ್ದೆ ತೆಗ್ಯೋಕಾಗಲ್ಲ ಅನ್ನೋ ಹಾಗಿಲ್ಲ. ಡ್ರಾಪ್‌ಬಾಕ್ಸಲ್ಲಿ 2011ರ ಜೂನಲ್ಲಿ ಒಂದಿನ ಸುಮಾರು ನಾಲ್ಕು ಗಂಟೆ ಹೊತ್ತು ಯಾವ ಪಾಸ್‌ವರ್ಡ್ ಹೊಡೆದ್ರೂ ಯಾರ ಅಕೌಂಟ್ ಬೇಕಾದ್ರೂ ಓಪನ್ ಆಗ್ತಿತ್ತು, ಅವರದೇ ಒಂದು ಅಪ್‌ಡೇಟ್ ತಪ್ಪಿಂದ. ಎನ್‌ಕ್ರಿಪ್ಷನ್ ಆಗ್ಲೂ ಇತ್ತು.

ಇನ್ನೊಂದು ಕತೆ 2022ರಲ್ಲಿ ನ್ಯೂಯಾರ್ಕ್ ಟೈಮ್ಸಲ್ಲಿ ಬಂದಿದ್ದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ಅಪ್ಪ, ಪುಟ್ಟ ಮಗುಗೆ ಗುಪ್ತಾಂಗದಲ್ಲಿ ಊತ ಬಂದಿದೆ ಅಂತ ಡಾಕ್ಟರಿಗೆ ತೋರ್ಸೋಕೆ ಫೋಟೋ ತೆಗೆದಿದಾನೆ, ಕೋವಿಡ್ ಟೈಮು, ವಿಡಿಯೋ ಕನ್ಸಲ್ಟೇಷನ್ನು, ನರ್ಸೇ ಫೋಟೋ ಕಳ್ಸಿ ಅಂದಿದ್ದು. ಫೋಟೋ ತನ್ನಷ್ಟಕ್ಕೆ ಕ್ಲೌಡಿಗೆ ಬ್ಯಾಕಪ್ ಆಯ್ತು, ಗೂಗಲಿನ ಮೆಷಿನ್ ಅದನ್ನ ಮಕ್ಕಳ ಅಶ್ಲೀಲ ಚಿತ್ರ ಅಂತ ಹಿಡೀತು, ಅಕೌಂಟ್ ಬಂದ್. ಪೊಲೀಸರು ವಿಚಾರಣೆ ಮಾಡಿ ಇವ್ನದೇನೂ ತಪ್ಪಿಲ್ಲ ಅಂತ ಹೇಳಿದ ಮೇಲೂ ಅಕೌಂಟ್ ವಾಪಸ್ ಕೊಡ್ಲಿಲ್ಲ. ಇಮೇಲು, ವರ್ಷಗಳ ಫೋಟೋ, ಫೋನ್ ನಂಬರ್ ಸಮೇತ ಹೋಯ್ತು. ಮಕ್ಕಳನ್ನ ಕಾಪಾಡೋಕೆ ಆ ಥರ ಹುಡುಕೋದು ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ನಮ್ಮ ಬೀರು ಒಳಗೆ ಒಂದು ಮೆಷಿನ್ ಕಣ್ಣಾಡಿಸ್ತಾ ಇರತ್ತೆ, ಅದು ತಪ್ಪು ತಿಳ್ಕೊಂಡ್ರೆ ಹೇಳ್ಕೊಳೋಕೆ ಒಬ್ಬ ಮನುಷ್ಯ ಸಿಗೋದು ಕಷ್ಟ, ಅಷ್ಟು ಗೊತ್ತಿರ್ಲಿ. ನಮ್ಮತ್ತಿಗೆ ಮಗೂನ ದದ್ದಿನ ಫೋಟೋ ಎಲ್ಲ ಬ್ಯಾಕಪ್ಪಲ್ಲೇ ಇಟ್ಟಿದ್ಲು, ಅವ್ಳಿಗೆ ಈ ಕತೆ ಹೇಳಿ ಆ ಫೋಟೋಗಳನ್ನ ತೆಗೆಸ್ದೆ.

ಆಧಾರ್ ವಿಷಯ ಇನ್ನೂ ಚೆನ್ನಾಗಿದೆ. ಅಪ್ಪ ಹೇಳಿದ್ದು, "ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದ್ಯಲ್ಲ, ಯಾರು ಓಪನ್ ಮಾಡ್ತಾರೆ". ಇ-ಆಧಾರ್ ಪಾಸ್‌ವರ್ಡ್ ಏನು ಹೇಳಿ? ಹೆಸರಿನ ಮೊದಲ ನಾಲ್ಕು ಅಕ್ಷರ ಕ್ಯಾಪಿಟಲ್ಲಲ್ಲಿ, ಆಮೇಲೆ ಹುಟ್ಟಿದ ವರ್ಷ. ಇಡೀ ದೇಶಕ್ಕೇ ಗೊತ್ತು. ಫೈಲ್ ಹೆಸರಲ್ಲೇ ಅಪ್ಪನ ಹೆಸರಿದೆ, ಪಕ್ಕದ ಪೆನ್ಷನ್ ಪೇಪರಲ್ಲಿ ಹುಟ್ಟಿದ ದಿನ ಇದೆ. ಕೀಯನ್ನ ಕಾಲೊರೆಸೋ ಮ್ಯಾಟ್ ಕೆಳಗಿಟ್ಟು ಅದ್ರ ಮೇಲೆ "ಕೀ ಕೆಳಗಿದೆ" ಅಂತ ಚೀಟಿ ಅಂಟ್ಸಿದ ಹಾಗೆ.

2022ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಆಧಾರ್ ಪ್ರಾದೇಶಿಕ ಕಚೇರಿಯವ್ರೇ ಒಂದು ಪ್ರಕಟಣೆ ಕೊಟ್ಟಿದ್ರು, ಆಧಾರ್ ಜೆರಾಕ್ಸ್ ಸಿಕ್ಕಸಿಕ್ಕವರಿಗೆ ಕೊಡ್ಬೇಡಿ, ಮಾಸ್ಕ್ಡ್ ಆಧಾರ್ ಕೊಡಿ ಅಂತ, ನೆನಪಿದ್ಯಾ? ಎಲ್ರೂ ಗಾಬರಿಯಾಗಿ, ಎರಡೇ ದಿನಕ್ಕೆ ಕೇಂದ್ರದವ್ರು ಅದನ್ನ ವಾಪಸ್ ತಗೊಂಡ್ರು, ತಪ್ಪರ್ಥ ಆಗ್ತಿದೆ, ಮಾಮೂಲಿ ಎಚ್ಚರ ಸಾಕು ಅಂತ. ನನ್ ಪ್ರಕಾರ ಮೊದಲ್ನೇದೇ ಸರಿಯಾಗಿತ್ತು. ಮಾಸ್ಕ್ಡ್ ಆಧಾರಲ್ಲಿ ಕೊನೇ ನಾಲ್ಕು ಅಂಕಿ ಬಿಟ್ಟು ಉಳಿದ ಎಂಟು ಕಾಣಲ್ಲ, ಆಧಾರ್ ವೆಬ್‌ಸೈಟಲ್ಲೇ ಡೌನ್‌ಲೋಡ್ ಮಾಡೋವಾಗ ಒಂದು ಟಿಕ್ ಹಾಕಿದ್ರೆ ಬರತ್ತೆ. ಯಾರಿಗಾದ್ರೂ ಕಳ್ಸೋದಿದ್ರೆ ಈಗ ಅದನ್ನೇ ಕಳ್ಸ್ತೀನಿ. ಇಷ್ಟಕ್ಕೂ ಆಧಾರ್, ಡಿಎಲ್, ಆರ್‌ಸಿ ಇವುಗಳನ್ನೆಲ್ಲ ಡ್ರೈವಲ್ಲಿ ಇಡೋ ಅವಶ್ಯಕತೇನೇ ಇಲ್ಲ, ಡಿಜಿಲಾಕರಲ್ಲಿ ಬೇಕಾದಾಗ ಸಿಗತ್ತಲ್ಲ. ಸುಮ್ನೆ ಚಟ, ಎಲ್ಲದಕ್ಕೂ ಒಂದು ಕಾಪಿ ಇರ್ಲಿ ಅಂತ.

ಆಮೇಲೆ ಈ 200 ಕೆಬಿ ಕಾಟ. ಯಾವ ಸರ್ಕಾರಿ ಪೋರ್ಟಲ್ಲಿಗೆ ಹೋದ್ರೂ ಫೈಲ್ 200 ಕೆಬಿಗಿಂತ ಕಮ್ಮಿ ಇರ್ಬೇಕು, ಕೆಲವು ಕಡೆ 100, ಫೋಟೋಗೆ 50. ಆಗ ನಾವೇನು ಮಾಡ್ತೀವಿ, ಫ್ರೀ ಪಿಡಿಎಫ್ ಕಂಪ್ರೆಸ್ ಅಂತ ಸರ್ಚ್ ಮಾಡಿ ಮೊದಲು ಬಂದಿದ್ದಕ್ಕೆ ಸೇಲ್ ಡೀಡ್ ಅಪ್‌ಲೋಡ್. ಅದೂ ಕ್ಲೌಡೇ ಕಣ್ರಿ, ಯಾರದ್ದೋ ಗೊತ್ತಿಲ್ಲದವರ ಕ್ಲೌಡ್. ಸ್ಕ್ಯಾನ್ ಆಪ್‌ಗಳೂ ಅಷ್ಟೇ. ಕ್ಯಾಮ್‌ಸ್ಕ್ಯಾನರ್ ಎಲ್ರ ಫೋನಲ್ಲೂ ಇತ್ತು, 2020ರ ಜೂನಲ್ಲಿ ಟಿಕ್‌ಟಾಕ್ ಜೊತೆ ಬ್ಯಾನ್ ಆದ 59 ಆಪಲ್ಲಿ ಅದೂ ಒಂದು. ಬ್ಯಾನ್ ಆದಾಗ ಎಲ್ರೂ ಬೇರೆ ಆಪ್ ಹುಡುಕಿದ್ರೇ ಹೊರತು ಅಷ್ಟು ವರ್ಷ ಸ್ಕ್ಯಾನ್ ಮಾಡಿದ್ದೆಲ್ಲ ಎಲ್ಲಿ ಕೂತಿದೆ ಅಂತ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಈಗ ಲ್ಯಾಪ್‌ಟಾಪಲ್ಲಿ ಲಿಬ್ರೆಆಫೀಸ್ ಇದೆ, ಅದ್ರಲ್ಲಿ ಪಿಡಿಎಫ್ ಓಪನ್ ಮಾಡಿ ಎಕ್ಸ್‌ಪೋರ್ಟ್ ಮಾಡೋವಾಗ ಚಿತ್ರದ ಕ್ವಾಲಿಟಿ ಕಮ್ಮಿ ಮಾಡಿದ್ರೆ ಸೈಜ್ ಇಳಿಯತ್ತೆ. ಸ್ವಲ್ಪ ಗೋಳು, ಆದ್ರೆ ಫೈಲ್ ಮನೆ ಬಿಟ್ಟು ಆಚೆ ಹೋಗಲ್ಲ.

ಗೂಗಲ್ ಫೋಟೋಸ್ ಆಪಲ್ಲಿ ಇನ್ನೊಂದು ತಮಾಷೆ ಮಾಡಿ ನೋಡಿ. ಸರ್ಚಲ್ಲಿ ಇಂಗ್ಲಿಷಲ್ಲಿ ಆಧಾರ್ ಅಂತ ಟೈಪ್ ಮಾಡಿ, ಆಮೇಲೆ ಪಾಸ್‌ಬುಕ್ ಅಂತ. ಚಿತ್ರದೊಳಗಿನ ಅಕ್ಷರಾನೂ ಅದು ಓದತ್ತೆ. ನನಗೆ 31 ಫೋಟೋ ಬಂತು, ಅದ್ರಲ್ಲಿ ಆರು ನಮ್ಮ ಮನೆ ಕೆಲಸದವ್ರದ್ದು, ಅವ್ರ ಮಗಳ ಸ್ಕಾಲರ್‌ಶಿಪ್ ಫಾರಂ ತುಂಬಿ ಕೊಡೋಕೆ ತೆಗೆದಿದ್ದು. ಬೇರೆಯವ್ರ ಗುಟ್ಟನ್ನೂ ನಾವು ಹೀಗೆ ಹೊತ್ಕೊಂಡು ತಿರುಗ್ತಿರ್ತೀವಿ. ಅವನ್ನ ಅಳಿಸಿ ಟ್ರ್ಯಾಷಿಂದಾನೂ ತೆಗೆದೆ, ಇಲ್ಲಾಂದ್ರೆ ಇನ್ನೂ ಕೆಲವು ವಾರ ಅಲ್ಲೇ ಬಿದ್ದಿರತ್ತೆ.

ವಾಟ್ಸಾಪ್ ಚಾಟ್ ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್, ಮಾತಾಡೋರು ಬಿಟ್ಟು ಬೇರೆ ಯಾರೂ ಓದೋಕಾಗಲ್ಲ ಅಂತಾರೆ, ಸರಿ, ಆದ್ರೆ ಅದ್ರ ಬ್ಯಾಕಪ್ ಹೋಗಿ ಕೂರೋದು ಡ್ರೈವಲ್ಲೋ ಐಕ್ಲೌಡಲ್ಲೋ. ಬ್ಯಾಕಪ್ಪಿಗೂ ಬೀಗ ಹಾಕೋ ಆಯ್ಕೆ 2021ರಲ್ಲಿ ಬಂತು, ಅದನ್ನ ನಾವೇ ಹೋಗಿ ಆನ್ ಮಾಡ್ಬೇಕು. ನಮ್ಮನೇಲಿ ಐದು ಫೋನ್ ನೋಡ್ದೆ, ಒಂದ್ರಲ್ಲೂ ಆನ್ ಇರ್ಲಿಲ್ಲ. ಐಫೋನ್ ಇರೋರಿಗೆ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಅಂತ ಒಂದಿದೆ, 2023ರ ಶುರುವಲ್ಲಿ ಅಮೆರಿಕದ ಆಚೆಗೂ ಬಂತು, ಆನ್ ಮಾಡಿದ್ರೆ ಐಕ್ಲೌಡ್ ಡ್ರೈವ್, ಫೋಟೋ, ಬ್ಯಾಕಪ್ಪಿನ ಕೀ ಆಪಲ್ ಹತ್ರಾನೂ ಇರಲ್ಲ. ಇಂಗ್ಲೆಂಡಿನ ರೆಡಿಂಗಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಹೊಸ ಐಫೋನ್ ತಗೊಂಡು ಆನ್ ಮಾಡೋಕೆ ಹೋದ್ರೆ ಅಲ್ಲಿ ಆಗಲ್ಲ ಅಂತು. ಬ್ರಿಟನ್ ಸರ್ಕಾರ ನಮಗೂ ನೋಡೋಕೆ ದಾರಿ ಬೇಕು ಅಂತ ಪಟ್ಟು ಹಿಡಿದಿದ್ರಿಂದ 2025ರ ಫೆಬ್ರವರಿಯಲ್ಲಿ ಆಪಲ್ ಅಲ್ಲಿನ ಹೊಸಬರಿಗೆ ಅದನ್ನ ಕೊಡೋದೇ ನಿಲ್ಸ್ತು. ನಮ್ಮೂರು ಅರಸೀಕೆರೇಲಿ ಸಿಗೋ ಬೀಗ ರೆಡಿಂಗಲ್ಲಿ ಸಿಗಲ್ಲ ಅಂತ ಅವ್ನಿಗೆ ಉರಿ.

ಹಾಗಂತ ನಾನು ಕ್ಲೌಡ್ ಬಿಡ್ಲಿಲ್ಲ. ಹಳೇ ಹಾರ್ಡ್‌ಡಿಸ್ಕ್ ಸತ್ತು ತಮ್ಮನ ಮದುವೆ ವಿಡಿಯೋ ಹೋಗಿದ್ದು ಇನ್ನೂ ಮರ್ತಿಲ್ಲ. ಮಾಡಿದ್ದಿಷ್ಟೇ, ಫೈಲ್‌ಗಳನ್ನ ಎರಡು ಗುಡ್ಡೆ ಮಾಡ್ದೆ. ಟ್ರಿಪ್ ಫೋಟೋ, ರೆಸಿಪಿ, ಹಬ್ಬದ ಫೋಟೋ ಇವೆಲ್ಲ ಹಾಗೇ ಇರ್ಲಿ, ಯಾರು ನೋಡಿದ್ರೆ ಏನು. ದುಡ್ಡು, ಜಮೀನು, ಕಾಯಿಲೆ, ಗುರುತಿನ ಚೀಟಿ, ಇವು ನಾಲ್ಕು ಮಾತ್ರ ನನ್ನ ಕೀ ಹಾಕಿದ ಮೇಲೇನೇ ಮೇಲೆ ಹೋಗ್ಬೇಕು. ಅದಕ್ಕೆ ಕ್ರಿಪ್ಟೊಮೇಟರ್ ಅಂತ ಒಂದು ಸಾಫ್ಟ್‌ವೇರ್ ಹಾಕ್ಕೊಂಡೆ, ಜರ್ಮನಿಯವ್ರದ್ದು, ಓಪನ್ ಸೋರ್ಸ್, ಅಂದ್ರೆ ಅದ್ರ ಕೋಡ್ ಯಾರು ಬೇಕಾದ್ರೂ ನೋಡ್ಬೋದು, ಕಂಪ್ಯೂಟರಿಗೆ ಫ್ರೀ, ಫೋನಲ್ಲಿ ಪೂರ್ತಿಯಾಗಿ ಬಳಸೋಕೆ ದುಡ್ಡು ಕೊಡ್ಬೇಕು. ಡ್ರೈವ್ ಒಳಗೇ ಒಂದು ತಿಜೋರಿ ಮಾಡತ್ತೆ, ಫೈಲ್ ಅಲ್ಲಿ ಹಾಕಿದ್ರೆ ನಮ್ಮ ಕಂಪ್ಯೂಟರಲ್ಲೇ ಬೀಗ ಬಿದ್ದು ಆಮೇಲೆ ಅಪ್‌ಲೋಡ್ ಆಗತ್ತೆ. ಡ್ರೈವ್ ವೆಬ್‌ಸೈಟಲ್ಲಿ ಹೋಗಿ ನೋಡಿದ್ರೆ ಫೈಲ್ ಹೆಸರು ಕೂಡ ಓದೋಕಾಗಲ್ಲ, ಕೋಳಿ ಕೆದರಿದ ಹಾಗಿರತ್ತೆ.

ಹೆಸರಿನ ವಿಷಯ ಚಿಕ್ಕದಲ್ಲ. ನನ್ನ ಫ್ರೆಂಡ್ ಒಬ್ಳು ಎಲ್ಲಾನೂ ಜಿಪ್ ಮಾಡಿ ಪಾಸ್‌ವರ್ಡ್ ಹಾಕಿ ಇಡ್ತಾಳೆ, ಜಾಣೆ ಅಂದ್ಕೊಂಡಿದ್ದೆ. ಆದ್ರೆ ಮಾಮೂಲಿ ಜಿಪ್ಪಲ್ಲಿ ಒಳಗಿನ ಫೈಲ್ ಹೆಸರು ಪಾಸ್‌ವರ್ಡ್ ಇಲ್ದೇನೂ ಕಾಣತ್ತೆ. "ಬಯಾಪ್ಸಿ ರಿಪೋರ್ಟ್" ಅಂತ ಹೆಸರು ಕಂಡ್ಮೇಲೆ ಒಳಗೆ ಓದೋಕೆ ಇನ್ನೇನು ಉಳೀತು? ಸೆವೆನ್ ಜಿಪ್ ಅನ್ನೋ ಸಾಫ್ಟ್‌ವೇರಲ್ಲಿ ಅದರದೇ ಫಾರ್ಮ್ಯಾಟ್ ಆರಿಸ್ಕೊಂಡು ಎನ್‌ಕ್ರಿಪ್ಟ್ ಫೈಲ್ ನೇಮ್ಸ್ ಅಂತ ಒಂದು ಟಿಕ್ ಹಾಕ್ಬೇಕು, ಆಗ ಮುಚ್ಚತ್ತೆ.

ಕೀ ನಮ್ಮದಾದ್ರೆ ತಲೆನೋವೂ ನಮ್ಮದೇ. ಪಾಸ್‌ವರ್ಡ್ ಮರೆತ್ರೆ ಫರ್ಗಾಟ್ ಪಾಸ್‌ವರ್ಡ್ ಬಟನ್ ಇಲ್ಲ, ಯಾವ ಕಸ್ಟಮರ್ ಕೇರೂ ಏನೂ ಮಾಡೋಕಾಗಲ್ಲ. ಅದಕ್ಕೆ ಕ್ರಿಪ್ಟೊಮೇಟರ್ ರಿಕವರಿ ಕೀ ಅಂತ ನಲವತ್ತಕ್ಕೂ ಹೆಚ್ಚು ಇಂಗ್ಲಿಷ್ ಪದಗಳ ಒಂದು ಸಾಲು ಕೊಡತ್ತೆ, ಅದನ್ನ ಕಾಗದದಲ್ಲಿ ಬರೆದಿಡ್ಬೇಕು. ಅದು ನನ್ನ ಮನೇಲಿ ಒಂದು, ಊರಲ್ಲಿ ಒಂದು ಇರ್ಲಿ ಅಂತ ಹೋದ ಶನಿವಾರ ಅರಸೀಕೆರೆ ಟ್ರೈನ್ ಹತ್ತಿದೆ.

ಅಪ್ಪ ಮೊದಲು ನಕ್ಕರು. "ನಮ್ಮ ಹತ್ರ ಏನಮ್ಮ ಇದೆ ಮುಚ್ಚಿಡೋಕೆ, ನಾವೇನು ಕಳ್ಳತನ ಮಾಡಿದೀವಾ" ಅಂತ. ನಾನು ಪುಟ್ಟಸ್ವಾಮಿ ಅವ್ರ ಕತೆ ತೆಗೆದೆ, ನಮ್ಮ ಕರ್ನಾಟಕ ಹೈಕೋರ್ಟಲ್ಲಿ ಜಡ್ಜಾಗಿ ರಿಟೈರ್ ಆಗಿದ್ದವ್ರು, 2012ರಲ್ಲಿ 86ನೇ ವಯಸ್ಸಲ್ಲಿ ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದ್ರು, ಆ ಕೇಸಲ್ಲೇ 2017ರ ಆಗಸ್ಟ್ 24ಕ್ಕೆ ಒಂಬತ್ತು ಜಡ್ಜ್‌ಗಳು ಖಾಸಗಿತನ ಮೂಲಭೂತ ಹಕ್ಕು ಅಂದ್ರು ಅಂತ. ಅಪ್ಪ ಅರ್ಧ ಕೇಳಿ ಪೇಪರ್ ತೆಗೆದ್ರು. ಕೆಲಸ ಮಾಡಿದ್ದು ಬೇರೆ ಮಾತು. "ಲೋನ್ ಹುಡುಗಂಗೆ ನಮ್ಮ ಎರಡೆಕರೆ ಸರ್ವೆ ನಂಬರ್ ಗೊತ್ತು ಅಪ್ಪ" ಅಂದೆ. ಪೇಪರ್ ಮಡಚಿಟ್ರು. ಜಮೀನಿನ ಮಾತು ಬಂದ್ರೆ ನಮ್ಮಪ್ಪ ಯಾವ ಸುಪ್ರೀಂ ಕೋರ್ಟಿಗೂ ಕಾಯಲ್ಲ.

ಅವ್ರ ಗೂಗಲ್ ಅಕೌಂಟಲ್ಲಿ ಯುವರ್ ಡಿವೈಸಸ್ ಅಂತ ನೋಡಿದ್ರೆ ಅವ್ರ ಫೋನ್ ಜೊತೆ ಒಂದು ವಿಂಡೋಸ್ ಕಂಪ್ಯೂಟರ್. ಅಪ್ಪನ ಹತ್ರ ಕಂಪ್ಯೂಟರೇ ಇಲ್ಲ. ಆಮೇಲೆ ಯೋಚ್ನೆ ಮಾಡಿ ಹೇಳಿದ್ರು, ಬಸ್ ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗಡೀಲಿ ಲೈಫ್ ಸರ್ಟಿಫಿಕೇಟ್ ಪ್ರಿಂಟ್ ತೆಗೆಯೋಕೆ ಹೋದಾಗ ಅಂಗಡಿ ಹುಡುಗ "ಅಂಕಲ್ ನೀವೇ ಲಾಗಿನ್ ಆಗಿ" ಅಂದಿದ್ದ, ಆಗಿದ್ರು, ಔಟ್ ಆಗೋದು ಮರ್ತಿದ್ರು. ಎಂಟು ತಿಂಗಳು. ಸೈನ್ ಔಟ್ ಒತ್ತಿ, ಪಾಸ್‌ವರ್ಡ್ ಬದಲಾಯ್ಸಿ, ಪಾಸ್‌ವರ್ಡ್ ಆದ್ಮೇಲೆ ಇನ್ನೊಂದು ಸಲ ಗುರುತು ಕೇಳೋ ಟೂ ಸ್ಟೆಪ್ ಆನ್ ಮಾಡಿ, ಅದು ಕೊಟ್ಟ ಹತ್ತು ಬ್ಯಾಕಪ್ ಕೋಡ್ ಅಮ್ಮನ ಬೀರು ಒಳಗೆ ಒಡವೆ ಡಬ್ಬಿ ಕೆಳಗಿಟ್ಟು ಬಂದೆ. ಅಮ್ಮ ಆ ಡಬ್ಬಿ ತನಕ ನಡ್ಕೊಂಡೇ ಹೋದ್ರು, ಕೋಲಿಲ್ದೆ. ಆ ಹುಡುಗ ಮತ್ತೆ ಫೋನ್ ಮಾಡಿದ್ರೆ ಹೇಳ್ತೀನಿ, ಅವ್ರಜ್ಜಿಗೆ ಮಾಡಿಸ್ಲಿ.

ರಿಕವರಿ ಕೀ ಮಾತ್ರ ಇನ್ನೊಂದ್ಸಲ ಬರೀಬೇಕು. ಟ್ರೈನಿಗೆ ಹೊತ್ತಾಯ್ತು ಅಂತ ನಾನು ಒಂದೊಂದೇ ಪದ ಓದಿ ಹೇಳ್ತಾ ಹೋದೆ, ಅಪ್ಪ ಹಳೇ ಡೈರೀಲಿ ದುಂಡಗೆ ಬರ್ಕೊಂಡ್ರು. ಅಮ್ಮ ಅದ್ರ ಫೋಟೋ ತೆಗ್ದು ವಾಟ್ಸಾಪ್ ಮಾಡ್ತೀನಿ ಅಂದಾಗ ಬೇಡ ಅಂತ ಕೂಗಿ ಓಡ್ಹೋಗಿ ಡೈರಿ ಕಿತ್ಕೊಂಡೆ, ಆಗ ನೋಡ್ದೆ. ಎಲ್ಲಾ ಪದಾನೂ ಕನ್ನಡ ಲಿಪೀಲಿ ಬರ್ದಿದಾರೆ. ಸ್ಪೆಲ್ಲಿಂಗ್ ಒಂದಕ್ಷರ ತಪ್ಪಿದ್ರೂ ಆ ತಿಜೋರಿ ತೆಗ್ಯಲ್ಲ. "ಇರ್ಲಿ ಬಿಡು, ಕಳ್ಳಂಗೂ ಗೊತ್ತಾಗಲ್ಲ" ಅಂತ ಅಪ್ಪ. ಮುಂದಿನ ವಾರ ಮತ್ತೆ ಅರಸೀಕೆರೆ.